ಕಿಟಕಿಗಿ ಕಟ್ಟಿದ ಹಸಿ ಸೀರಿ

ನಮ್ಮ ಅತ್ತಿಯವರ ತವರು ವಾಡಿ ಕಡಿದು. ಬ್ಯಾಸಗಿ ಬಂತಂದ್ರ ಹಳೀ ನೂಲಿನ ಸೀರಿ ಎರಡು ಮಡಿಕಿ ಮಾಡಿ, ನೀರಾಗ ಅದ್ದಿ ಹಿಂಡಿ, ಪಡಸಾಲಿ ಕಿಟಕಿಗಿ ಕಟ್ಟತಿದ್ರು. ಸಂಜಿಗಿ ತೊಳದ್ರ ಬಕೀಟಿನ ನೀರೆಲ್ಲ ಬೂದಿ ಬಣ್ಣ. "ನೋಡವ್ವ, ಇಷ್ಟು ನಮ್ಮ ಎದಿಗಿ ಹೋಗ್ತಿತ್ತು" ಅಂತಿದ್ರು. ಖರೇನೇ ಅದ, ಆದ್ರ ಅರ್ಧ ಖರೇ.

ನಮ್ಮ ಭಾಗದ ಧೂಳಿಗೂ ಒಂದು ಇತಿಹಾಸ ಅದರಿ. ಕಾಗಿಣಾ ಹೊಳಿ ಸುತ್ತ ನೆಲ ಅಗದ್ರ ಸುಣ್ಣದ ಕಲ್ಲು. ಹಿರ್ಯಾರು ಅದನ್ನೇ ಫರಸಿ ಮಾಡಿ ನೆಲಕ್ಕ, ಗೋಡಿಗಿ, ಮಾಳಿಗಿಗಿ ಸುದ್ದ ಹಾಕಿದ್ರು. ದಪ್ಪ ಗೋಡಿ, ಸಣ್ಣ ಬೆಳಕಿಂಡಿ. ಬಿಸಲೂ ಕಮ್ಮಿ, ಧೂಳೂ ಕಮ್ಮಿ. 1874ರಾಗ ಸಿಕಂದರಾಬಾದಿನಿಂದ ನಿಜಾಮರ ರೈಲು ವಾಡಿಗಿ ಬಂದು ಮುಂಬೈ ಹಳಿಗಿ ಕೂಡ್ತು. ಆಮ್ಯಾಲ ಶಹಾಬಾದ, ವಾಡಿ, ಮಳಖೇಡ, ಸೇಡಂದಾಗ ಅದೇ ಕಲ್ಲು ಸುಟ್ಟು ಸಿಮೆಂಟ್ ಮಾಡೋದು ಬಂತು. ಎಷ್ಟೋ ಮನಿಗಿ ಅದರಿಂದಲೇ ರೊಟ್ಟಿ, ಅದನ್ನ ಮರೀಬಾರದು.

ಹಸಿ ಸೀರಿ ಹಿಡಿಯೋದು ದಪ್ಪ ಧೂಳಷ್ಟೇ. ಪಿಎಂ 2.5 ಅಂತಾರಲ್ಲ, ಅದು 2.5 ಮೈಕ್ರಾನ್ ಇಲ್ಲಾ ಅದಕ್ಕೂ ಸಣ್ಣದು; ತಲಿಗೂದಲಿನ ದಪ್ಪದಾಗ ಇಪ್ಪತ್ತನೇ ಪಾಲೂ ಇರಲ್ಲ. ಸೀರಿ ಎಳಿ ನಡುವಿನ ಸಂದಿ ಅದಕ್ಕ ಊರ ಅಗಸಿ ಇದ್ದಂಗ. ಕಿಟಕಿಗಿ ದಪ್ಪ ಫಿಲ್ಟರ್ ಬಡದ್ರ ಗಾಳಿ ಬರಲ್ಲ, ಧೂಳು ಬಾಗಿಲ ಸಂದ್ಯಾಗಿಂದ ಬರ್ತದ.

ಹ್ವಾದ ಚಳಿಗಾಲದಾಗ ನಮ್ಮ ಮೊಮ್ಮಗಗ ಉಬ್ಬಸ ಎದ್ದಾಗ ನಾ ಎಲ್ಲಾ ಕಿಟಕಿ ಮುಚ್ಚಿದೆ. ಒಳಗ ತೊಗರಿ ಕಟಗಿ ಹಚ್ಚಿ ರೊಟ್ಟಿ ಬಡೀಲಿಕತ್ತಿದ್ದೆ! ಕೂಸಿಗಿ ಇನ್ನೂ ಜಾಸ್ತಿ ಆಯ್ತು. ಡಾಕ್ಟರು ಕೇಳಿದ್ದು ಒಂದೇ ಮಾತು: "ಒಲಿ ಎಲ್ಲದ?" ಒಲಿ ಹೊಗಿ ಅಂದ್ರ ಅದೇ ಸಣ್ಣ ಧೂಳು, ನಾವೇ ಮನ್ಯಾಗ ಮಾಡಿದ್ದು. ಆ ರಾತ್ರಿ ಮರ್ತಿಲ್ಲ ನಾ.

ಈಗ ಒಲಿ ಹಿತ್ತಲದಾಗ. ಚಳಿಗಾಲದಾಗ ಕಿಟಕಿ ತಗಿಯೋದು ಮಧ್ಯಾಹ್ನ, ಬಿಸಲಿಗಿ ಹೊಗಿ ಧೂಳು ಮ್ಯಾಲ ಹರಡಿ ಹೋದ ಮ್ಯಾಲ. ರಾತ್ರಿ ಕೂಸು ಮಲಗೋ ಖೋಲಿ ಒಂದೇ ಮುಚ್ಚಿ, ಒಳಗ ಫ್ಯಾನು-ಫಿಲ್ಟರ್ ಹಚ್ತೀವಿ. ಅದೇ ಗಾಳಿ ಹತ್ತು ಸಲ ಸೋಸಿ ಬರ್ತದ. ಇಂಥಾ ಹೆಪಾ ಫಿಲ್ಟರ್ ಹುಟ್ಟಿದ್ದು 1940ರ ದಶಕದಾಗ, ಅಮೆರಿಕಾದಾಗ ಅಣುಬಾಂಬಿನ ಕೆಲಸಕ್ಕಂತ. 0.3 ಮೈಕ್ರಾನಿನ ಕಣ ನೂರಕ್ಕ 99.97 ಹಿಡೀತದ. 2020ರಾಗ ಕಾರ್ಸಿ, ರೊಸೆಂತಾಲ್ ಅನ್ನೋರು ಅಂಗಡ್ಯಾಗ ಸಿಗೋ ಫ್ಯಾನಿಗಿ ನಾಕು ಕಡಿ ಸಾದಾ ಫಿಲ್ಟರ್ ಅಂಟಿಸಿ ಡಬ್ಬಿ ಮಾಡಿ ತೋರಿಸಿದ್ರು, ಹೆಣ್ಮಕ್ಕಳೂ ಮಾಡೋವಂಥಾದ್ದು.

ಅತ್ತಿ ಇನ್ನೂ ಸೀರಿ ಕಟ್ತಾರ. ನಾ ಬ್ಯಾಡ ಅನ್ನಲ್ಲ. ನೆಲ ಒರಸೋದು ಅರ್ಧ ಉಳೀತದ.