ಕಲ್ದಿಯ ಆಡು ಮತ್ತು ನಮ್ಮ ಕಂಪನಿ

ಕಂಪನಿಗೆ ಹೆಸರಿಟ್ಟಾಗಿತ್ತು, ಲೋಗೊನೂ ರೆಡಿ ಇತ್ತು. ಕಾಫಿಯೊಂದು ಇರಲಿಲ್ಲ ಅಷ್ಟೆ.

ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬ ನಾಲ್ಕೈದು ಶನಿವಾರ ಕೂತು ಹಾಕಿದ ಪ್ಲಾನ್ ಇದು. ಇಥಿಯೋಪಿಯಾದ ಸಣ್ಣ ರೈತರಿಂದ ನೇರವಾಗಿ ಬೀಜ ತರಿಸೋದು, ಬೆಂಗಳೂರಲ್ಲಿ ಹುರಿದು ಮಾರೋದು, ಲಾಭದಲ್ಲಿ ಒಂದು ಪಾಲು ಆ ರೈತರ ಮಕ್ಕಳ ಶಾಲೆಗೆ ಕೊಡೋದು. ಹೆಸರು ‘ಕಲ್ದಿ’. ಕೆಂಪು ಹಣ್ಣು ತಿಂದು ಕುಣಿದಾಡಿದ ಆಡುಗಳನ್ನು ನೋಡಿ ಕಾಫಿ ಕಂಡುಹಿಡಿದ ಕುರುಬ ಹುಡುಗ. ಲೋಗೊದಲ್ಲಿ ಕುಣಿಯುವ ಆಡು. ಪ್ಯಾಕೆಟ್ ಹಿಂದೆ ಹಾಕೋಕೆ ಇತಿಹಾಸದ ಎರಡು ಸಾಲು ಬರೆಯೋ ಕೆಲಸ ನನಗೆ ಬಿತ್ತು. ಎಡವಟ್ಟು ಶುರುವಾಗಿದ್ದೇ ಅಲ್ಲಿ.

ಆಡಿನ ಕತೆ ಅಚ್ಚಾಗಿದ್ದು 1671ರಲ್ಲಿ, ರೋಮ್ ನಗರದಲ್ಲಿ. ಬರೆದವನು ಫೌಸ್ಟಸ್ ನೈರಾನ್ ಅನ್ನೋ ಪಂಡಿತ. ಅವನ ಕತೆಯಲ್ಲಿ ಕಲ್ದಿ ಅನ್ನೋ ಹೆಸರೂ ಇಲ್ಲ, ಇಥಿಯೋಪಿಯಾನೂ ಇಲ್ಲ. ಕತೆ ನಡೆಯೋದು ಅರೇಬಿಯಾದಲ್ಲಿ. ಹೆಸರು ಅಂಟಿಕೊಂಡಿದ್ದು ಎಷ್ಟೋ ಕಾಲದ ಮೇಲೆ. ಸಾಲದ್ದಕ್ಕೆ ಅಡಿಸ್ ಅಬಾಬಾದಲ್ಲೇ ಕಲ್ದಿ ಹೆಸರಿನ ಕಾಫಿ ಅಂಗಡಿಗಳ ಸರಣಿ ಒಂದಿದೆ.

ನಿಜವಾದ ಕತೆಗೆ ಆಡು ಬೇಕಾಗಿಲ್ಲ. ಅರೇಬಿಕಾ ಗಿಡದ ತವರು ಇಥಿಯೋಪಿಯಾದ ನೈಋತ್ಯದ ಕಾಡು, ಕಾಫಾ ಮತ್ತು ಜಿಮ್ಮಾ ಕಡೆಯದು. ಅಲ್ಲಿಯವರಿಗೆ ಅದು ‘ಬುನಾ’. ಒರೋಮೊ ಜನ ಅದರ ಕಾಯನ್ನು ಬೆಣ್ಣೆಯಲ್ಲಿ ಹುರಿದು ತಿನ್ನುತ್ತಿದ್ದರು. ಇವತ್ತಿಗೂ ಮನೆಗೆ ನೆಂಟರು ಬಂದರೆ ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಎದುರಿಗೇ ಬೀಜ ಹುರಿದು ಕುಟ್ಟಿ, ‘ಜೆಬೆನಾ’ ಅನ್ನೋ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಮೂರನೇ ಸುತ್ತಿನ ಹೆಸರು ‘ಬರಕಾ’, ಅಂದರೆ ಆಶೀರ್ವಾದ. ಅದನ್ನು ಕುಡಿಯದೆ ಏಳೋದು ಮರ್ಯಾದೆ ಅಲ್ಲ. ಬೆಳೆದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಅವರೇ ಕುಡಿಯುತ್ತಾರೆ.

ಆ ಕಾಡಿನಿಂದ ಗಿಡ ಯೆಮೆನ್‌ಗೆ ಹೋಯಿತು. ಅಲ್ಲಿಂದ ಏಳು ಬೀಜ ತಂದ ಬಾಬಾಬುಡನ್ ಕತೆ ನಮಗೆಲ್ಲ ಬಾಯಿಪಾಠ. ನಮ್ಮ ನಂಟು ಅಲ್ಲಿಗೇ ಮುಗಿಯೋದಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ತಳಿಗಳಲ್ಲಿ ಅಗಾರೊ, ತಫಾರಿಕೆಲಾ ಅನ್ನೋವು ನೇರ ಇಥಿಯೋಪಿಯಾ ಮೂಲದವು. ಅಂದರೆ ಬೀಜ ತರೋದು ಹೊಸ ಐಡಿಯಾ ಏನಲ್ಲ. ತಂದವರು ಅದಕ್ಕೆ ತಿರುಗಿ ಏನು ಕೊಟ್ಟರು ಅಂತ ನೋಡಹೋದರೆ ಲೆಕ್ಕ ಬೇಗ ಮುಗಿಯುತ್ತೆ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. ಯಾವ ದೇಶ ಎಷ್ಟು ಮಾರಬೇಕು ಅನ್ನೋ ಕಡಿವಾಣ ಹೋಯಿತು, ವಿಯೆಟ್ನಾಂ ಕಾಫಿ ಮಾರುಕಟ್ಟೆಗೆ ನುಗ್ಗಿತು. 2001-02ರ ಹೊತ್ತಿಗೆ ಅಂತರರಾಷ್ಟ್ರೀಯ ಸರಾಸರಿ ಬೆಲೆ ಪೌಂಡಿಗೆ 50 ಅಮೆರಿಕನ್ ಸೆಂಟಿಗಿಂತ ಕೆಳಗಿಳಿದಿತ್ತು. ಹರಾರ್ ಕಡೆ ರೈತರು ಕಾಫಿ ಗಿಡ ಕಿತ್ತು, ಅಗಿದರೆ ಅಮಲೇರುವ ‘ಖಾತ್’ ಸೊಪ್ಪು ಹಾಕಿದರು.

ಈ ಕುಸಿತದ ನಡುವೆಯೇ, 1999ರಲ್ಲಿ, ಅಲ್ಲೊಂದು ಕಂಪನಿ ಶುರುವಾಗಿತ್ತು. ಸರಿಯಾಗಿ ಹೇಳಬೇಕಂದ್ರೆ ಸಹಕಾರ ಸಂಘಗಳ ಒಕ್ಕೂಟ: ಒರೋಮಿಯಾ ಕಾಫಿ ರೈತರ ಸಹಕಾರಿ ಯೂನಿಯನ್. ಮುಂದೆ ನಿಂತವರು ತಾಡೆಸೆ ಮೆಸ್ಕೆಲಾ. ಮೊದಲಿಗೆ ಸೇರಿದ್ದು 34 ಸಂಘ. ‘ಸಹಕಾರ’ ಅನ್ನೋ ಪದಕ್ಕೇ ರೈತರು ಹೆದರುತ್ತಿದ್ದ ಕಾಲ ಅದು. 1974ರಿಂದ 1991ರವರೆಗೆ ಆಳಿದ ‘ಡರ್ಗ್’ ಸೈನಿಕ ಸರ್ಕಾರ ಸಹಕಾರ ಸಂಘಗಳನ್ನೇ ರೈತರ ಮೇಲೆ ಹಿಡಿತಕ್ಕೆ ಬಳಸಿತ್ತು. ಸುಟ್ಟ ಕೈಗೆ ಮತ್ತೆ ಬಿಸಿ ಪಾತ್ರೆ ಹಿಡಿ ಅನ್ನೋದು ಸುಲಭ ಇರಲಿಲ್ಲ.

ಯೂನಿಯನ್ ಮಾಡಿದ ದೊಡ್ಡ ಕೆಲಸ ಅಡಿಸ್ ಅಬಾಬಾದ ಹರಾಜು ಕಟ್ಟೆಯನ್ನು ದಾಟಿ ವಿದೇಶಿ ಖರೀದಿದಾರರಿಗೆ ನೇರ ಮಾರಿದ್ದು. ಲಾಭದಲ್ಲಿ 70 ಭಾಗ ತಿರುಗಿ ಸಂಘಗಳಿಗೆ. ನಮ್ಮಪ್ಪ ಬೆಳಗಾಗೆದ್ದು ಡೇರಿಗೆ ಹಾಲು ಹಾಕಿ, ವರ್ಷದ ಕೊನೆಗೆ ಬೋನಸ್ಸಿಗೆ ಕಾಯುತ್ತಿದ್ದವರು. ಹಾಗಾಗಿ ಈ 70ರ ಅರ್ಥ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಬೋನಸ್ ಬಂದ ದಿನ ಅಪ್ಪ ಯಾರಿಗೂ ಥ್ಯಾಂಕ್ಸ್ ಹೇಳಿದ್ದು ನೋಡಿಲ್ಲ, ಅದು ಅವರದೇ ದುಡ್ಡು. ತಾಡೆಸೆ ಮಾರುಕಟ್ಟೆ ಹುಡುಕಿ ಅಲೆಯೋದನ್ನು 2006ರ ‘ಬ್ಲ್ಯಾಕ್ ಗೋಲ್ಡ್’ ಸಾಕ್ಷ್ಯಚಿತ್ರದಲ್ಲಿ ನೋಡಬಹುದು.

ಇನ್ನು ಹೆಸರಿನ ಜಗಳ. ನಮ್ಮ ಪ್ಯಾಕೆಟ್ಟಿಗೆ ನೇರ ಸಂಬಂಧಪಟ್ಟಿದ್ದು ಇದು. 2005ರಲ್ಲಿ ಇಥಿಯೋಪಿಯಾ ಸರ್ಕಾರ ಸಿಡಾಮೊ, ಹರಾರ್, ಯಿರ್ಗಚೆಫೆ ಅನ್ನೋ ತನ್ನ ಮೂರು ಕಾಫಿ ಹೆಸರುಗಳಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿತು. ನೋಡಿದರೆ ‘ಸಿಡಾಮೊ’ ಇರುವ ಹೆಸರೊಂದಕ್ಕೆ 2004ರಲ್ಲೇ ಸ್ಟಾರ್‌ಬಕ್ಸ್ ಅರ್ಜಿ ಹಾಕಿಕೊಂಡಿತ್ತು. ಆ ಕಾಫಿ ಅಮೆರಿಕದಲ್ಲಿ ಪೌಂಡಿಗೆ 26 ಡಾಲರ್‌ವರೆಗೆ ಹೋಗುತ್ತಿತ್ತು, ರೈತನ ಕೈಗೆ ಒಂದು ಡಾಲರ್ ಆಸುಪಾಸು ಅಂತ ಆಗಿನ ವರದಿಗಳು. ಅಮೆರಿಕದ ಕಾಫಿ ವ್ಯಾಪಾರಿಗಳ ಸಂಘವೂ ಇಥಿಯೋಪಿಯಾದ ಅರ್ಜಿಗೆ ಅಡ್ಡ ಬಂತು.

ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಯಾಕೆ, ಭೌಗೋಳಿಕ ಪ್ರಮಾಣಪತ್ರ ಮಾಡಿಕೊಳ್ಳಿ ಅಂತ ಸ್ಟಾರ್‌ಬಕ್ಸ್ ಸಲಹೆ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ತುಂಡು ನೆಲದಲ್ಲಿ ಬೆಳೆದು, ಚೀಲ ಹೊತ್ತು ನಡೆದು ಬರುವ ಲಕ್ಷಗಟ್ಟಲೆ ರೈತರ ಒಂದೊಂದು ಚೀಲಕ್ಕೂ ಪ್ರಮಾಣಪತ್ರ ಕೊಡೋರು ಯಾರು, ಆ ಖರ್ಚು ಯಾರದು? ಇಥಿಯೋಪಿಯಾ ಒಪ್ಪಲಿಲ್ಲ. ಆಕ್ಸ್‌ಫ್ಯಾಮ್ ಆಂದೋಲನ ಹೂಡಿತು, 90 ಸಾವಿರಕ್ಕೂ ಹೆಚ್ಚು ಜನ ಸ್ಟಾರ್‌ಬಕ್ಸ್‌ಗೆ ಪತ್ರ, ಫೋನು, ಫ್ಯಾಕ್ಸ್ ಮಾಡಿದರು. 2007ರ ಜೂನ್‌ನಲ್ಲಿ ರಾಜಿ ಆಯಿತು. ಆ ಹೆಸರುಗಳು ಇಥಿಯೋಪಿಯಾದವು ಅಂತ ಒಪ್ಪಿ ಸ್ಟಾರ್‌ಬಕ್ಸ್ ಲೈಸೆನ್ಸ್ ಒಪ್ಪಂದಕ್ಕೆ ಸಹಿ ಹಾಕಿತು. ರಾಯಲ್ಟಿ ಒಂದು ಪೈಸೆ ಇಲ್ಲ. ಇಥಿಯೋಪಿಯಾಕ್ಕೆ ಬೇಕಾಗಿದ್ದುದು ಹೆಸರಿನ ಮೇಲಿನ ಹಿಡಿತ, ಚೌಕಾಸಿಗೆ ಕೂರೋಕೆ ಒಂದು ಕುರ್ಚಿ. ಇದರಿಂದ ರೈತರು ಶ್ರೀಮಂತರಾದರು ಅಂತೇನೂ ತಿಳಿಯಬೇಡಿ. ಬೆಲೆ ಈಗಲೂ ನ್ಯೂಯಾರ್ಕ್ ಮಾರುಕಟ್ಟೆ ಜೊತೆ ಏರಿಳಿಯುತ್ತೆ.

ಇಷ್ಟು ಓದಿಕೊಂಡು ಮುಂದಿನ ಶನಿವಾರ ಹೋದೆ. ನಮ್ಮ ನಾಲ್ಕನೇ ಸ್ಲೈಡಿನಲ್ಲಿ ರೈತರ ಹೆಸರಿಗೆ ಒಂದು ಡಬ್ಬ, ಒಳಗೆ ‘ಫಲಾನುಭವಿಗಳು’ ಅಂತಿತ್ತು. ಹಣ ಹಾಕೋರ ಡಬ್ಬದಲ್ಲಿ ನಮ್ಮಿಬ್ಬರ ಹೆಸರು, ಅರ್ಧರ್ಧ ಪಾಲು.

“ಶಾಲೆಗೆ ದುಡ್ಡು ಕೊಡ್ತೀವಲ್ಲ ಮಗಾ, ಇನ್ನೇನು?” ಅಂದ.

“ಬೀಜದ ರೇಟು ಯಾರು ಹೇಳ್ತಾರೆ?” ಅಂದೆ.

ಅವನು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಆ ಡಬ್ಬದೊಳಗಿನ ಪದ ಅಳಿಸಿದ. ಅಲ್ಲಿ ಏನು ಬರೀಬೇಕು ಅಂತ ಗೊತ್ತಾಗದೆ ಆವತ್ತು ಹಾಗೇ ಎದ್ದು ಬಂದೆವು. ಆಡು ಬರೆದುಕೊಟ್ಟ ಹುಡುಗನಿಗೆ ಮಾತ್ರ ದುಡ್ಡು ಕೊಟ್ಟಾಗಿದೆ, ಅವನ ರೇಟು ಅವನೇ ಹೇಳಿದ್ದ.