ಅಕಾಲಜಾತ ಶಿಶುವೂ ಮಾತೃಸ್ತನ್ಯವೂ

ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಮುಖ್ಯವಾಗಿ ಎರಡು ಅಶಕ್ತಿಗಳುಂಟು. ಮೈಯ ಕಾವನ್ನು ಅದು ತಾನೇ ಉಳಿಸಿಕೊಳ್ಳಲಾರದು. ಚೀಪುವುದು, ನುಂಗುವುದು, ಉಸಿರಾಡುವುದು ಎಂಬ ಮೂರು ಕ್ರಿಯೆಗಳನ್ನು ಒಂದು ಲಯದಲ್ಲಿ ನಡೆಸಲಾರದು. ಈ ಎರಡನೆಯ ಶಕ್ತಿಯು ಸಾಮಾನ್ಯವಾಗಿ ಗರ್ಭಕಾಲದ 32ರಿಂದ 34ನೆಯ ವಾರದ ಸುಮಾರಿಗೆ ಕೂಡಿಬರುವುದು. ಮೊದಲನೆಯ ಅಶಕ್ತಿಗೆ ಆಸ್ಪತ್ರೆಗಳು ಕಂಡುಕೊಂಡ ಪರಿಹಾರವೇ ಸ್ತನ್ಯಪಾನಕ್ಕೆ ಅಡ್ಡಿಯಾಗಿ ಪರಿಣಮಿಸಿದ ಬಗೆಯು ವಿಚಾರಾರ್ಹವಾಗಿದೆ.

ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಯಂತ್ರದ ಮಾದರಿಯನ್ನನುಸರಿಸಿ ಸ್ತೆಫಾನ್ ತಾರ್ನಿಯೇ ಎಂಬ ವೈದ್ಯರು 1880ರಲ್ಲಿ ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ ಶಿಶುಗಳಿಗಾಗಿ ಕಾವುಪೆಟ್ಟಿಗೆಗಳನ್ನು ಇರಿಸಿದರು. 2000 ಗ್ರಾಂಗಿಂತ ಕಡಮೆ ತೂಕದ ಶಿಶುಗಳಲ್ಲಿ ಮರಣವು ನೂರಕ್ಕೆ 66ರಿಂದ 38ಕ್ಕೆ ಇಳಿಯಿತೆಂದು ಅವರ ಶಿಷ್ಯ ಓವಾರ್ 1883ರಲ್ಲಿ ಪ್ರಕಟಿಸಿದರು. ಲಾಭವೇನೋ ಅಲ್ಪವಲ್ಲ. ಆದರೆ ಶಿಶುವು ಒಂದು ಕಡೆ, ತಾಯಿಯು ಒಂದು ಕಡೆ ಎಂಬ ವ್ಯವಸ್ಥೆ ಬೆಳೆದಂತೆ ತಾಯಿಯ ಹಾಲು ಬತ್ತತೊಡಗಿತು. ತಾರ್ನಿಯೇಯವರ ಮತ್ತೊಬ್ಬ ಶಿಷ್ಯ ಪಿಯೇರ್ ಬ್ಯುದ್ಯಾಂ ಈ ದೋಷವನ್ನು 1900ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ ಎತ್ತಿ ತೋರಿಸಿದರು. ಶಿಶುವಿನ ಪೋಷಣೆಯಿಂದ ದೂರವಿಡಲ್ಪಟ್ಟ ತಾಯಂದಿರಲ್ಲಿ ಕೆಲವರು ಅದನ್ನು ತೊರೆಯುವುದೂ ಉಂಟೆಂಬುದು ಅವರ ಅನುಭವ.

ಸ್ತನ್ಯಪ್ರವೃತ್ತಿಗೆ ಶಿಶುಸಾನ್ನಿಧ್ಯವೇ ಕಾರಣವೆಂಬುದು ಭಾರತೀಯ ವೈದ್ಯಶಾಸ್ತ್ರಕ್ಕೆ ಹೊಸತಲ್ಲ. ಶಿಶುವನ್ನು ಮುಟ್ಟುವುದರಿಂದ, ನೋಡುವುದರಿಂದ, ನೆನೆಯುವುದರಿಂದಲೂ ಹಾಲು ಒಸರುವುದೆಂದು ಸುಶ್ರುತಸಂಹಿತೆಯ ನಿದಾನಸ್ಥಾನದ 10ನೆಯ ಅಧ್ಯಾಯವು ತಿಳಿಸುತ್ತದೆ. ಆಧುನಿಕರು ಇದನ್ನೇ ಮೆದುಳಿನಿಂದ ಸ್ರವಿಸುವ ಆಕ್ಸಿಟೋಸಿನ್ ಎಂಬ ರಸದ ಕಾರ್ಯವೆಂದು ವಿವರಿಸುವರು.

ಬ್ಯುದ್ಯಾಂ ಅವರು ತೋರಿಸಿದ ದೋಷಕ್ಕೆ ಪರಿಹಾರವು ದೊರೆತುದು ಬಡತನದಿಂದ. ಕೊಲಂಬಿಯಾ ದೇಶದ ಬೊಗೊಟಾ ನಗರದ ತಾಯಿಮಕ್ಕಳ ಆಸ್ಪತ್ರೆಯಲ್ಲಿ ಕಾವುಪೆಟ್ಟಿಗೆಗಳು ಸಾಲದೆ, ಸೋಂಕು ಹೆಚ್ಚಿ, ಶಿಶುಗಳನ್ನು ತೊರೆಯುವುದೂ ನಡೆದಿರಲು, ಎಡ್ಗರ್ ರೇ ಸನಾಬ್ರಿಯಾ ಅವರು 1978ರಲ್ಲಿ ಶಿಶುವನ್ನು ತಾಯಿಯ ಎದೆಗೇ ಒತ್ತಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಬಳಿಕ ಹೆಕ್ಟರ್ ಮಾರ್ಟಿನೆಸ್ ಅವರು ಜತೆಗೂಡಿದರು. ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವುದು, ತಾಯಿಯ ಹಾಲನ್ನೇ ಊಡುವುದು, ಬೇಗನೆ ಮನೆಗೆ ಕಳುಹಿಸಿ ಮತ್ತೆ ಮತ್ತೆ ಪರೀಕ್ಷಿಸುವುದು ಎಂಬಿವು ಇದರ ಮೂರು ಅಂಗಗಳು. ಕಾಂಗರೂ ಕ್ರಮವೆಂದು ಇದಕ್ಕೆ ಹೆಸರಾಯಿತು.

ಭಾರತವೂ ಸೇರಿದಂತೆ 5 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆ ಈ ಕ್ರಮವನ್ನು ತೊಡಗಿದ ಶಿಶುಗಳ ಪೈಕಿ ಮೊದಲ 28 ದಿನಗಳಲ್ಲಿ ನೂರಕ್ಕೆ 12.0 ಮಂದಿಯೂ, ಸ್ಥಿತಿ ನೆಲೆಗೊಂಡ ಬಳಿಕ ತೊಡಗಿದವುಗಳ ಪೈಕಿ 15.7 ಮಂದಿಯೂ ತೀರಿಕೊಂಡರು. ನಮ್ಮ ನಾಡಿನ ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ವ್ಯಾಪಕವಾಗಿ ಬಳಕೆಗೆ ತರುವ ಸಂಶೋಧನೆ ನಡೆದಿದೆ.

ಆದಕಾರಣ, ಮನೆಗೆ ಬಂದ ಮೇಲೆ ಶಿಶುವು ಮೊಲೆಯುಣ್ಣುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಸ್ಪತ್ರೆಯ ದಿನಗಳಲ್ಲಿಯೇ ನಿಶ್ಚಿತವಾಗುವುದು. ಶಿಶುವು ಚೀಪಲಾರದ ಕಾಲದಲ್ಲಿಯೂ ಹಾಲನ್ನು ಹಗಲಿರುಳು ಹಿಂಡಿ ತೆಗೆದು, ನಳಿಕೆಯಿಂದಲೋ ಒಳಲೆಯಿಂದಲೋ ಊಡಿದರೆ ಹಾಲು ಬತ್ತದೆ ಉಳಿಯುವುದು. ಎದೆಯ ಮೇಲಿರುವ ಶಿಶುವು ಕ್ರಮೇಣ ತಾನೇ ಮೊಲೆಯನ್ನರಸುವುದು. ಕಾವನ್ನೂ ಹಾಲನ್ನೂ ಬೇರ್ಪಡಿಸಿದುದು ಪ್ಯಾರಿಸ್ಸಿನ ವ್ಯವಸ್ಥೆ. ಎರಡನ್ನೂ ಒಂದೆಡೆ ಮರಳಿ ಕೂಡಿಸಿದುದೇ ಬೊಗೊಟಾದ ವೈದ್ಯರ ಉಪಕಾರ.