ಹೆಪ್ಪು ಕೊಟ್ಟವರ ಷರತ್ತು

ನಿಮ್ಮ ಕೈಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಒಮ್ಮೆ ಸೆಟ್ಟಿಂಗ್ಸ್‌ಗೆ ಹೋಗಿ. ಕೊನೆಯಲ್ಲಿ ‘ಅಬೌಟ್ ಫೋನ್’ ಅಂತ ಇರುತ್ತದೆ. ಅದರೊಳಗೆ ಲೀಗಲ್ ಅನ್ನುವ ಕಡೆ ಒತ್ತಿದರೆ ಓಪನ್ ಸೋರ್ಸ್ ಲೈಸೆನ್ಸ್‌ಗಳ ಪಟ್ಟಿ ಸಿಗುತ್ತದೆ. ಎಷ್ಟು ಸರಿಸಿದರೂ ಮುಗಿಯದ ಇಂಗ್ಲಿಷ್ ಬರಹ. ಯಾರೂ ಓದುವುದಿಲ್ಲ. ನಾವೂ ಬಹಳ ದಿನ ಓದಿರಲಿಲ್ಲ.

ಆದರೆ ಫೋನ್ ತಯಾರಿಸಿದ ಕಂಪನಿ ಯಾರೋ ಬರೆದ ಸಾಫ್ಟ್‌ವೇರನ್ನು ಯಾರ ಮನೆ ಬಾಗಿಲಿಗೂ ಹೋಗಿ ಕೇಳದೆ ಹಾಕಿಕೊಂಡಿದೆಯಲ್ಲ, ಅದಕ್ಕೆ ಅನುಮತಿ ಇರುವುದು ಆ ಬರಹದಲ್ಲೇ. ಅನುಮತಿಯ ಜೊತೆಗೆ ಷರತ್ತೂ ಇದೆ. ಹಂಚುವುದಕ್ಕೆ ಷರತ್ತು ಯಾಕೆ ಬೇಕಾಯಿತು ಅನ್ನುವುದೇ ಈ ಕತೆ.

ಅಮೆರಿಕದ ಎಂಐಟಿ ಅನ್ನುವ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಒಂದು ಕಂಪ್ಯೂಟರ್ ಪ್ರಯೋಗಾಲಯವಿತ್ತು. ರಿಚರ್ಡ್ ಸ್ಟಾಲ್‌ಮನ್ 1971ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಆಗ ಅಲ್ಲಿ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಕೇಳಿದರೆ ಕೊಡುವುದು ರೂಢಿ. ನಮ್ಮ ಕಡೆ ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೆ ಯಾರಾದರೂ ಪತ್ರ ಬರೆಸಿಕೊಳ್ಳುತ್ತಾರಾ? ಹಾಗೆಯೇ. ಹೆಪ್ಪು ಕೊಟ್ಟರೆ ನಮ್ಮ ಮೊಸರೇನೂ ಖಾಲಿಯಾಗುವುದಿಲ್ಲ, ಅವರ ಮನೆಯಲ್ಲೂ ಮೊಸರಾಗುತ್ತದೆ.

ಸಾಫ್ಟ್‌ವೇರಿನ ಹೆಪ್ಪು ಅಂದರೆ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ. ಅದಿಲ್ಲದೆ ಬರೀ ಪ್ರೋಗ್ರಾಮ್ ಕೊಟ್ಟರೆ ಓಡಿಸಬಹುದು. ಒಳಗೆ ಏನಿದೆ ಅಂತ ನೋಡಿ ಸರಿಪಡಿಸುವುದು ಬಹಳ ಕಷ್ಟ.

1980ರ ಸುಮಾರಿಗೆ ಜೆರಾಕ್ಸ್ ಕಂಪನಿ ಆ ಪ್ರಯೋಗಾಲಯಕ್ಕೆ ಒಂದು ಲೇಸರ್ ಪ್ರಿಂಟರ್ ಕೊಟ್ಟಿತು. ಆಗಾಗ ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನಲ್ಲೂ ಇದೇ ಕಾಟವಿತ್ತು. ಆದರೆ ಅದರ ಸೋರ್ಸ್ ಕೋಡ್ ಕೈಯಲ್ಲಿದ್ದುದರಿಂದ, ಕಾಗದ ಸಿಕ್ಕಿಕೊಂಡ ಕೂಡಲೇ ಕಾಯುತ್ತಿದ್ದವರ ಕಂಪ್ಯೂಟರಿಗೆ ಸುದ್ದಿ ಹೋಗುವಂತೆ ಸ್ಟಾಲ್‌ಮನ್ ತಿದ್ದಿದ್ದರು. ಹೊಸದರ ಕೋಡನ್ನು ಕಂಪನಿ ಕೊಡಲಿಲ್ಲ. ಬೇರೆ ವಿಶ್ವವಿದ್ಯಾಲಯದ ಒಬ್ಬರ ಹತ್ತಿರ ಅದು ಇದೆ ಅಂತ ಗೊತ್ತಾಗಿ ಹೋಗಿ ಕೇಳಿದರು. ‘ಯಾರಿಗೂ ಕೊಡುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ’ ಎಂಬರ್ಥದ ಉತ್ತರ ಬಂತು. ಹೆಪ್ಪು ಕೊಡುವ ರೂಢಿ ನಿಲ್ಲುತ್ತಿದೆ ಅನ್ನುವುದು ಅವರಿಗೆ ಅಲ್ಲಿ ತಟ್ಟಿತು.

1983ರ ಸೆಪ್ಟೆಂಬರ್ 27ರಂದು ಸ್ಟಾಲ್‌ಮನ್ ಒಂದು ಪ್ರಕಟಣೆ ಹೊರಡಿಸಿದರು. ಕಂಪ್ಯೂಟರ್ ನಡೆಸಲು ಬೇಕಾದ ಇಡೀ ವ್ಯವಸ್ಥೆಯನ್ನು ಹೊಸದಾಗಿ ಬರೆದು, ಬಳಸುವವರಿಗೆಲ್ಲ ಕೊಡುತ್ತೇನೆ ಅಂದರು. ಅದಕ್ಕೆ ಗ್ನೂ ಎಂದು ಹೆಸರಿಟ್ಟರು. ತಾನು ಬರೆದದ್ದರ ಮೇಲೆ ಸಂಸ್ಥೆ ಹಕ್ಕು ಹೇಳಬಾರದೆಂದು 1984ರ ಜನವರಿಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ಮನಸ್ಸು ಒಳ್ಳೆಯದಿದ್ದರೆ ಸಾಲದು ಅನ್ನುವ ಪಾಠ ಬೇಗನೆ ಬಂತು. ಎಮ್ಯಾಕ್ಸ್ ಅಂತ ಬರಹ ತಿದ್ದುವ ಒಂದು ಪ್ರೋಗ್ರಾಮ್ ಇದೆ. ಅದರ ಒಂದು ರೂಪವನ್ನು 1981ರಲ್ಲಿ ಜೇಮ್ಸ್ ಗಾಸ್ಲಿಂಗ್ ಬರೆದು ಹಂಚಿದ್ದರು. ಮುಂದೆ ಜಾವಾ ಎಂಬ ಹೆಸರಾಂತ ಕಂಪ್ಯೂಟರ್ ಭಾಷೆ ರೂಪಿಸಿದವರೂ ಇವರೇ. ಆ ಎಮ್ಯಾಕ್ಸಿನ ಕೆಲವು ಭಾಗಗಳನ್ನು ಸ್ಟಾಲ್‌ಮನ್ ತಮ್ಮ ಗ್ನೂ ಎಮ್ಯಾಕ್ಸಿನಲ್ಲಿ ಸೇರಿಸಿಕೊಂಡರು. ಅಷ್ಟರಲ್ಲಿ ಗಾಸ್ಲಿಂಗ್ ಅದನ್ನು ಯೂನಿಪ್ರೆಸ್ ಎಂಬ ಕಂಪನಿಗೆ ಮಾರಿಬಿಟ್ಟಿದ್ದರು. ಆ ಭಾಗಗಳನ್ನು ಹಂಚುವ ಹಾಗಿಲ್ಲ ಅಂತ ಕಂಪನಿ ಹೇಳಿತು. ಯಾರು ಬೇಕಾದರೂ ಮುಂದೆಯೂ ಹಂಚಬಹುದು ಎಂದು ಎಲ್ಲರಿಗೂ ಅನ್ವಯಿಸುವ ಒಂದು ಬರಹ ಇರಲಿಲ್ಲ. ಸ್ಟಾಲ್‌ಮನ್ 1985ರಲ್ಲಿ ಕೂತು ಆ ಭಾಗಗಳನ್ನೆಲ್ಲ ತೆಗೆದು ಹೊಸದಾಗಿ ಬರೆದರು.

ಹಾಗಾದರೆ ‘ಇದು ಯಾರದ್ದೂ ಅಲ್ಲ, ತಗೊಳ್ಳಿ’ ಅಂತ ಹಾಗೇ ಬಿಟ್ಟುಬಿಡಬಹುದಿತ್ತಲ್ಲ? ಬಿಟ್ಟರೆ ಯಾವುದೋ ಕಂಪನಿ ತಗೊಂಡು, ನಾಲ್ಕು ಸಾಲು ಸೇರಿಸಿ, ಬೀಗ ಹಾಕಿ ಮಾರಬಹುದು. ಹೆಪ್ಪು ನಮ್ಮ ಮನೆಯದೇ, ಆದರೆ ಅವರ ಮೊಸರಿನಿಂದ ಯಾರೂ ಹೆಪ್ಪು ಹಾಕುವಂತಿಲ್ಲ ಅಂದ ಹಾಗೆ.

ಅದಕ್ಕೆ ಅವರು ಕಾಪಿರೈಟ್ ಕಾನೂನನ್ನೇ ತಿರುಗಿಸಿ ಹಿಡಿದರು. ಹಕ್ಕು ಬಿಟ್ಟುಕೊಡುವ ಬದಲು, ಬರೆದವರ ಹಕ್ಕನ್ನು ಇಟ್ಟುಕೊಂಡೇ ಷರತ್ತು ಹಾಕಿದರು. ಇದಕ್ಕೆ ‘ಕಾಪಿಲೆಫ್ಟ್’ ಅನ್ನುವ ಹೆಸರು ಬಂತು. ಇಂಗ್ಲಿಷಿನ ರೈಟ್‌ಗೆ ಹಕ್ಕು ಅಂತಲೂ ಅರ್ಥ, ಬಲ ಅಂತಲೂ ಅರ್ಥ. ಲೆಫ್ಟ್ ಅಂದರೆ ಎಡ. ಡಾನ್ ಹಾಪ್ಕಿನ್ಸ್ ಎಂಬ ಪ್ರೋಗ್ರಾಮರ್ ಸ್ಟಾಲ್‌ಮನ್‌ಗೆ ಕಳಿಸಿದ ಕಾಗದದ ಮೇಲೆ ತಮಾಷೆಗೆ ಬರೆದಿದ್ದ ಮಾತು ಅದು.

1989ರ ಫೆಬ್ರವರಿಯಲ್ಲಿ ಈ ಷರತ್ತುಗಳು ಜಿಪಿಎಲ್ ಎಂಬ ಲೈಸೆನ್ಸಾಗಿ ಹೊರಬಂದವು. ಸಾರ ಇಷ್ಟು: ಯಾವ ಕೆಲಸಕ್ಕಾದರೂ ಬಳಸಿ. ಒಳಗೆ ನೋಡಿ, ತಿದ್ದಿ. ನಕಲು ಮಾಡಿ ಹಂಚಿ. ತಿದ್ದಿದ್ದನ್ನೂ ಹಂಚಿ. ದುಡ್ಡಿಗೆ ಮಾರಿದರೂ ತಕರಾರಿಲ್ಲ. ಆದರೆ ನಿಮ್ಮಿಂದ ಪಡೆದವರಿಗೆ ಸೋರ್ಸ್ ಕೋಡ್ ಸಿಗಬೇಕು, ಇದೇ ಹಕ್ಕುಗಳೂ ಸಿಗಬೇಕು. ಮೊಸರು ಮಾರಿಕೊಳ್ಳಿ, ಹೆಪ್ಪು ಬಚ್ಚಿಡಬೇಡಿ.

ಫಿನ್ಲೆಂಡಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್‌ಗೆ 1991ರಲ್ಲಿ 21 ವರ್ಷ. ಅವರು ಬರೆದ ಲಿನಕ್ಸ್‌ನ ಮೊದಲ ಷರತ್ತು ಬೇರೆ ಇತ್ತು: ಹಂಚಬಹುದು, ದುಡ್ಡು ಮುಟ್ಟಬಾರದು. ಕೇಳಲು ಚೆನ್ನಾಗಿದೆ. ಆದರೆ ಆಗ ಫ್ಲಾಪಿಗೆ ಹಾಕಿ ಕೊಡಬೇಕಿತ್ತು. ಫ್ಲಾಪಿಯ ಖರ್ಚನ್ನೂ ಕೇಳಬಾರದು ಅಂದರೆ ಹಂಚುವವರು ಎಷ್ಟು ದಿನ ಕೈಯಿಂದ ಹಾಕುತ್ತಾರೆ? 1992ರಲ್ಲಿ ಲಿನಸ್ ಆ ಷರತ್ತು ಬಿಟ್ಟು ಜಿಪಿಎಲ್‌ಗೆ ಬಂದರು. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೆಲಸ ಮಾಡುತ್ತಿರುವುದು ಅದೇ ಲಿನಕ್ಸ್, ಅದೇ ಷರತ್ತಿನಡಿ.

ಷರತ್ತು ಬರೀ ಕಾಗದದ ಮೇಲೆ ಉಳಿಯಲಿಲ್ಲ. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ಒಂದು ವೈಫೈ ರೌಟರಿನಲ್ಲಿ ಲಿನಕ್ಸ್ ಇರುವುದನ್ನು ಕೆಲವರು ಪತ್ತೆ ಮಾಡಿದರು. ಸೋರ್ಸ್ ಕೋಡ್ ಎಲ್ಲಿ ಅಂತ ಪಟ್ಟು ಹಿಡಿದರು. ಕಂಪನಿ ಕೊನೆಗೆ ಕೋಡ್ ಕೊಟ್ಟಿತು. ಅದನ್ನು ಹಿಡಿದು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಯೋಜನೆ ಶುರುವಾಯಿತು. ಬೇರೆ ಬೇರೆ ಕಂಪನಿಗಳ ರೌಟರ್‌ಗಳಿಗೆ ಜನ ಇಂದಿಗೂ ಅದನ್ನು ಹಾಕಿಕೊಳ್ಳುತ್ತಾರೆ.

ಎಲ್ಲರೂ ಈ ದಾರಿ ಒಪ್ಪಿದರು ಅಂತಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಬಂದ ಬಿಎಸ್‌ಡಿ ಲೈಸೆನ್ಸ್ ಕೇಳುವುದು ಕಮ್ಮಿ. ನಮ್ಮ ಹೆಸರು ಉಳಿಸಿ, ಬೇಕಾದರೆ ಬೀಗ ಹಾಕಿಯೂ ಮಾರಿ ಅನ್ನುತ್ತದೆ. ಆಪಲ್ ತನ್ನ ಕಂಪ್ಯೂಟರು ಮತ್ತು ಐಫೋನಿನಲ್ಲಿ ಇಂಥ ಕೋಡ್ ಬಳಸಿದೆ. ಷರತ್ತು ಕಮ್ಮಿಯಾದರೆ ಹೆಚ್ಚು ಜನ ಬಳಸುತ್ತಾರೆ ಅನ್ನುವುದು ಅವರ ವಾದ. ಅದರಲ್ಲೂ ಹುರುಳಿದೆ. ಆಂಡ್ರಾಯ್ಡಿನಲ್ಲೇ ತಳದ ಲಿನಕ್ಸ್ ಜಿಪಿಎಲ್‌ನಲ್ಲಿದ್ದರೆ, ಮೇಲಿನ ಬಹುಭಾಗ ಅಪಾಚೆ ಎಂಬ ಸಡಿಲ ಲೈಸೆನ್ಸ್‌ನಲ್ಲಿದೆ.

ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಫ್ರೀ’ ಒಂದೇ ಪದ. ಆ ಗೊಂದಲ ಬೇಡ ಅಂತಲೇ 1998ರಲ್ಲಿ ‘ಓಪನ್ ಸೋರ್ಸ್’ ಅನ್ನುವ ಮಾತು ಹುಟ್ಟಿತು. ನಮಗೆ ಆ ತೊಂದರೆಯಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಜಾಹೀರಾತು ತೋರಿಸಿ ಪುಕ್ಕಟೆ ಸಿಗುವ ಎಷ್ಟೋ ಆ್ಯಪ್‌ಗಳು ಮುಕ್ತವಲ್ಲ. ಅವು ನಾಳೆ ದುಡ್ಡು ಕೇಳಿದರೆ, ಇಲ್ಲವೇ ಬಾಗಿಲು ಹಾಕಿದರೆ, ನಮ್ಮ ಕೈಯಲ್ಲಿ ಹೆಪ್ಪು ಇರುವುದಿಲ್ಲ.

ಇದೇ ಯೋಚನೆ ಸಾಫ್ಟ್‌ವೇರ್ ದಾಟಿ ಕನ್ನಡಕ್ಕೂ ಬಂದಿದೆ. ಗೂಗಲ್‌ನ ನೋಟೊ ಕನ್ನಡ ಅಕ್ಷರಗಳು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಯಾರು ಬೇಕಾದರೂ ತಿದ್ದಿ ಹಂಚಬಹುದು, ತಿದ್ದಿದ ಅಕ್ಷರವೂ ಅದೇ ಲೈಸೆನ್ಸ್‌ನಲ್ಲಿ ಇರಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಬರಹಕ್ಕೂ ಇಂಥದೇ ಷರತ್ತು.

ಹಾಗಾಗಿ ಊರ ಜಾತ್ರೆಯ ಸಂಚಿಕೆಗೋ ಶಾಲೆಯ ಪತ್ರಿಕೆಗೋ ವಿಕಿಪೀಡಿಯದ ಲೇಖನ ಹಾಕಬಹುದಾ ಅಂತ ಯಾರಾದರೂ ಕೇಳಿದರೆ, ಹಾಕಿ ಅನ್ನಿ. ಸಂಚಿಕೆಗೆ ಬೆಲೆ ಇಟ್ಟರೂ ಸರಿ. ಎಲ್ಲಿಂದ ತಗೊಂಡಿರಿ ಅಂತ ಬರೆಯಿರಿ, ಲೈಸೆನ್ಸಿನ ಹೆಸರು ಹಾಕಿ. ತಿದ್ದಿದ್ದರೆ ತಿದ್ದಿದ್ದೇವೆ ಅಂತ ಹೇಳಿ, ಆ ಬರಹವನ್ನು ಅದೇ ಷರತ್ತಿನಲ್ಲಿ ಬಿಡಿ. ಚಿತ್ರಗಳಿಗೆ ಬೇರೆ ಬೇರೆ ಲೈಸೆನ್ಸ್ ಇರುತ್ತವೆ, ಒಂದೊಂದನ್ನೂ ಒತ್ತಿ ನೋಡಿಕೊಳ್ಳಿ.